310 ಮತಗಳಿಂದ ಉಳಿದ ಕಾರ್ಪೊರೇಟರ್, ಬೆಂಗಳೂರಿಗೆ ಬರಲಾಗದ ಮಗಳು

2025ರ ಫೆಬ್ರವರಿ 6. ಅಮೆರಿಕದ ಸಿಯಾಟಲ್ ನಗರದಲ್ಲಿರುವ ಭಾರತೀಯ ಕಾನ್ಸುಲೇಟ್‌ ಕಚೇರಿಯಲ್ಲಿ 51 ವರ್ಷದ ಮಹಿಳೆಯೊಬ್ಬರು ತಮ್ಮ ಸಂಗಾತಿಗಳ ಜೊತೆ ಕೂತುಬಿಟ್ಟರು. ಅವರ ಪ್ರಶ್ನೆ ಒಂದೇ: ನನ್ನ ವೀಸಾ ಅರ್ಜಿ ಯಾಕೆ ತಿರಸ್ಕಾರವಾಯಿತು? ಬೆಂಗಳೂರಿನಲ್ಲಿರುವ ಅವರ ತಾಯಿಗೆ 80 ದಾಟಿದೆ, ಆರೋಗ್ಯ ಸರಿಯಿಲ್ಲ. ಅಮ್ಮನನ್ನು ನೋಡಲು ಹಿಂದಿನ ವರ್ಷವೂ ಅರ್ಜಿ ಹಾಕಿದ್ದರು, ಸಿಗಲಿಲ್ಲ. ಈ ಸಲ ತುರ್ತು ವೀಸಾ ಕೇಳಿದ್ದರು. ಗಂಡನಿಗೆ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಅವರೇ ಹೇಳುವಂತೆ ಅಧಿಕಾರಿಗಳು ಕೊಟ್ಟ ಕಾರಣ ಇಷ್ಟೇ: ನಿಮ್ಮ ಹೆಸರು ತಿರಸ್ಕಾರದ ಪಟ್ಟಿಯಲ್ಲಿದೆ. ಯಾವ ಪಟ್ಟಿ, ಯಾರು ಮಾಡಿದ್ದು, ಯಾವಾಗ ಸೇರಿಸಿದ್ದು? ಉತ್ತರ ಸಿಗಲಿಲ್ಲ. ಅನುಮತಿಯಿಲ್ಲದೆ ಒಳಬಂದಿದ್ದಾರೆ ಎಂದು ಕಾನ್ಸುಲೇಟ್ ಸ್ಥಳೀಯ ಪೊಲೀಸರನ್ನು ಕರೆಸಿತು.

ಆ ಮಹಿಳೆ ಕ್ಷಮಾ ಸಾವಂತ್. ಹತ್ತು ವರ್ಷ ಸಿಯಾಟಲ್ ನಗರ ಸಭೆಯ ಸದಸ್ಯೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಾರ್ಪೊರೇಟರ್.

ಒಬ್ಬ ಕಾರ್ಪೊರೇಟರ್ ಬಗ್ಗೆ ಒಂದು ದೇಶದ ಸರ್ಕಾರ ಇಷ್ಟು ತಲೆಕೆಡಿಸಿಕೊಳ್ಳುತ್ತದಾ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆಮೇಲೆ ಈಕೆಯ ಹತ್ತು ವರ್ಷಗಳ ದಾಖಲೆ ಓದುತ್ತಾ ಹೋದೆ. ಅಲ್ಲಿ ಕಂಡಿದ್ದು ಕೆಲಸ ಒಂದು ಕಡೆ, ವಿವಾದ ಇನ್ನೊಂದು ಕಡೆ ಇರುವ ರಾಜಕಾರಣಿಯಲ್ಲ. ಇವರು ಕೆಲಸ ಮಾಡುತ್ತಿದ್ದ ರೀತಿಯೇ ವಿವಾದ. ಗೆಲ್ಲಿಸಿದ್ದೂ ಅದೇ, ಕುರ್ಚಿಯ ತುದಿಗೆ ತಂದು ನಿಲ್ಲಿಸಿದ್ದೂ ಅದೇ. ತವರಿನ ಬಾಗಿಲು ಮುಚ್ಚಿಸಿದ್ದೂ ಅದೇ ಇರಬೇಕು.

ಕ್ಷಮಾ ಹುಟ್ಟಿದ್ದು 1973ರಲ್ಲಿ ಪುಣೆಯಲ್ಲಿ, ತಮಿಳು ಬ್ರಾಹ್ಮಣ ಕುಟುಂಬದಲ್ಲಿ. ಬೆಳೆದದ್ದು ಮುಂಬೈಯಲ್ಲಿ. ಅಪ್ಪ ಸಿವಿಲ್ ಎಂಜಿನಿಯರ್. ಮಗಳಿಗೆ 13 ವರ್ಷವಿದ್ದಾಗ ಕುಡಿದು ಗಾಡಿ ಓಡಿಸುತ್ತಿದ್ದವನೊಬ್ಬನಿಂದಾಗಿ ತೀರಿಕೊಂಡರು. ಮುಂಬೈ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದಿ 1994ರಲ್ಲಿ ಪದವಿ ಪಡೆದು, ಸ್ವಲ್ಪ ಕಾಲ ಸಾಫ್ಟ್‌ವೇರ್ ಕೆಲಸ ಮಾಡಿದರು. ಮದುವೆಯಾದ ಮೇಲೆ ಅಮೆರಿಕ. ಅಲ್ಲಿಗೆ ಹೋದ ನಮ್ಮಂಥವರು ಸಾಮಾನ್ಯವಾಗಿ ಹಿಡಿಯುವ ದಾರಿ ನಿಮಗೆ ಗೊತ್ತೇ ಇದೆ. ಈಕೆ ಕೋಡಿಂಗ್ ಬಿಟ್ಟು ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದರು, ಸಿಯಾಟಲ್‌ಗೆ ಬಂದು ಕಾಲೇಜಿನಲ್ಲಿ ಪಾಠ ಹೇಳಿದರು, ಸೋಷಿಯಲಿಸ್ಟ್ ಆಲ್ಟರ್ನೇಟಿವ್ ಎಂಬ ಪುಟ್ಟ ಎಡಪಕ್ಷ ಸೇರಿದರು. 2010ರಲ್ಲಿ ಅಮೆರಿಕದ ಪ್ರಜೆಯಾದರು. 2011ರಲ್ಲಿ ಆಕ್ಯುಪೈ ಚಳವಳಿ ಬಂದಾಗ ಬೀದಿಯಲ್ಲಿದ್ದರು. (ಕಂಪ್ಯೂಟರ್ ಸೈನ್ಸ್ ಓದಿ, ಆ ಕೆಲಸ ಬಿಟ್ಟು ಬೇರೆ ಕಡೆ ಹೊರಳಿದವರ ಕಥೆ ಸಿಕ್ಕರೆ ನಾನು ಸ್ವಲ್ಪ ಜಾಸ್ತಿ ಗಮನ ಕೊಟ್ಟು ಓದುತ್ತೇನೆ. ಕಾರಣ ಹೇಳಬೇಕಿಲ್ಲ.)

2013ರಲ್ಲಿ ನಗರ ಸಭೆಗೆ ನಿಂತರು. ಎದುರಾಳಿ 16 ವರ್ಷದಿಂದ ಸದಸ್ಯರಾಗಿದ್ದ ರಿಚರ್ಡ್ ಕಾನ್ಲಿನ್. ಅಲ್ಲಿ ಮತದಾನ ನಡೆಯುವುದು ಅಂಚೆಯಲ್ಲಿ. ಚುನಾವಣೆಯ ರಾತ್ರಿ ಮೊದಲ ಎಣಿಕೆ ಹೊರಬೀಳುತ್ತದೆ, ತಡವಾಗಿ ಬಂದ ಮತಪತ್ರಗಳ ಎಣಿಕೆ ದಿನಗಟ್ಟಲೆ ನಡೆಯುತ್ತದೆ. ಮೊದಲ ರಾತ್ರಿ ಕ್ಷಮಾ ಹಿಂದಿದ್ದರು. ದಿನ ಕಳೆದಂತೆ ಅಂತರ ಕರಗಿ, ಕೊನೆಗೆ 3,151 ಮತಗಳಿಂದ ಗೆದ್ದರು. ಸಮಾಜವಾದಿ ಎಂದು ಬಹಿರಂಗವಾಗಿ ಹೇಳಿಕೊಂಡು ಆ ನಗರದಲ್ಲಿ ಒಬ್ಬರು ಗೆದ್ದು ಸುಮಾರು ನೂರು ವರ್ಷ ಆಗಿತ್ತು. ಬೋಯಿಂಗ್ ಬೆಳೆದ ಊರು, ಮೈಕ್ರೋಸಾಫ್ಟ್ ಪಕ್ಕದಲ್ಲೇ ಇರುವ ಊರು, ಅಮೆಜಾನ್ ಕಣ್ಣೆದುರೇ ಹಿಗ್ಗುತ್ತಿದ್ದ ಊರು ಅದು. ಅಲ್ಲಿಂದ ಬಂದ ಸುದ್ದಿಗೆ ದೇಶವೇ ತಿರುಗಿ ನೋಡಿತು.

ಪ್ರಚಾರದ ಘೋಷಣೆ ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ. ಆಗ ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 7.25 ಡಾಲರ್ (2009ರಿಂದ ಅಷ್ಟೇ ಇದೆ). ಈ ಬೇಡಿಕೆ ಕ್ಷಮಾ ಹುಟ್ಟಿಸಿದ್ದಲ್ಲ. ಬರ್ಗರ್ ಅಂಗಡಿಗಳ ಕೆಲಸಗಾರರು ಮುಷ್ಕರ ಮಾಡಿ ಎತ್ತಿದ್ದು. ವಿಮಾನ ನಿಲ್ದಾಣವಿರುವ ಪಕ್ಕದ ಸೀಟ್ಯಾಕ್ ಎಂಬ ಪುಟ್ಟ ಊರಿನ ಮತದಾರರು ಅದೇ ವರ್ಷ 77 ಮತಗಳ ಅಂತರದಲ್ಲಿ 15 ಡಾಲರ್‌ಗೆ ಒಪ್ಪಿಗೆ ಕೊಟ್ಟಿದ್ದರು. ಕ್ಷಮಾ ಮಾಡಿದ್ದು ಬೇರೆ ಕೆಲಸ. ಒಂಬತ್ತು ಜನರ ಸಭೆಯಲ್ಲಿ ಒಂದು ಕುರ್ಚಿ ಹಿಡಿದು, ಹೊರಗೆ ಸಹಿ ಸಂಗ್ರಹ ಶುರು ಮಾಡಿಸಿದರು. ನೀವು ಒಳಗೆ ಪಾಸ್ ಮಾಡದಿದ್ದರೆ ನಾವು ನೇರವಾಗಿ ಮತದಾರರ ಮುಂದೆ ಇಡುತ್ತೇವೆ, ಆಗ ಇದಕ್ಕಿಂತ ಕಠಿಣ ಕಾನೂನು ಬರುತ್ತೆ ಎಂಬ ಬೆದರಿಕೆ. ವ್ಯಾಪಾರಿಗಳು, ಯೂನಿಯನ್‌ಗಳು, ಮೇಯರ್ ಒಟ್ಟಿಗೆ ಕೂತು ರಾಜಿ ಸೂತ್ರ ಮಾಡಿದರು. 2014ರ ಜೂನ್ 2ರಂದು ಸರ್ವಾನುಮತದಿಂದ ಪಾಸಾಯಿತು. ಹಂತಹಂತವಾಗಿ ಜಾರಿ, ಸಣ್ಣ ಅಂಗಡಿಗಳಿಗೆ ಹೆಚ್ಚು ಕಾಲಾವಕಾಶ. ಈ ವಿನಾಯಿತಿಗಳಿಗೆ ಕ್ಷಮಾ ವಿರೋಧವಿತ್ತು, ಆದರೂ ಪರವಾಗಿ ಕೈ ಎತ್ತಿದರು. 2025ರಲ್ಲಿ ಆ ನಗರದ ಕನಿಷ್ಠ ಕೂಲಿ ಗಂಟೆಗೆ 20.76 ಡಾಲರ್.

ಈ ವಿಧಾನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಒಳಗೆ ಒಂದು ಮತ, ಹೊರಗೆ ಸಾವಿರ ಜನ. ಸಹೋದ್ಯೋಗಿಗಳ ಜೊತೆ ಟೀ ಕುಡಿದು ಒಪ್ಪಿಸುವ ರಾಜಕಾರಣ ಅವರದಲ್ಲ. ಸುಮಾರು 1,17,000 ಡಾಲರ್ ವಾರ್ಷಿಕ ಸಂಬಳದಲ್ಲಿ 40,000 ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಚಳವಳಿಗಳ ನಿಧಿಗೆ ಹಾಕುತ್ತಿದ್ದರು. ಜೊತೆಗೆ ಕೂತಿದ್ದ ಎಂಟು ಜನರನ್ನು ಕಾರ್ಪೊರೇಟ್ ರಾಜಕಾರಣಿಗಳು ಅಂತ ಅವರ ಎದುರಿಗೇ ಕರೆಯುತ್ತಿದ್ದರು. ಬಜೆಟ್‌ಗೆ ಒಂಟಿಯಾಗಿ ವಿರುದ್ಧ ಮತ ಹಾಕುತ್ತಿದ್ದರು. ಅವರ ಜೊತೆ ಕೆಲಸ ಮಾಡೋದು ಕಷ್ಟ ಎಂಬ ದೂರು ಬಲಪಂಥೀಯರದ್ದು ಮಾತ್ರ ಆಗಿರಲಿಲ್ಲ. ಆ ಸಭೆಯಲ್ಲಿ ಬಲಪಂಥೀಯರು ಅಂತ ಇದ್ದದ್ದಾದರೂ ಯಾರು? ದೂರು ಹೇಳುತ್ತಿದ್ದವರು ಡೆಮಾಕ್ರಟಿಕ್ ಪಕ್ಷದ ಉದಾರವಾದಿಗಳೇ.

ಈ ಶೈಲಿಯ ಮಿತಿ 2018ರಲ್ಲಿ ಕಂಡಿತು. ದೊಡ್ಡ ಕಂಪನಿಗಳ ಮೇಲೆ ತಲಾ ಉದ್ಯೋಗಿಗೆ ವರ್ಷಕ್ಕೆ 275 ಡಾಲರ್ ತೆರಿಗೆ ಹಾಕಿ, ಮನೆಯಿಲ್ಲದವರಿಗೆ ಮನೆ ಕಟ್ಟುವ ಕಾನೂನನ್ನು ಮೇ 14ರಂದು ಸಭೆ 9–0 ಪಾಸ್ ಮಾಡಿತು. ಅಮೆಜಾನ್ ಈ ಚರ್ಚೆಯ ನಡುವೆಯೇ ಒಂದು ಹೊಸ ಕಟ್ಟಡದ ಯೋಜನೆಯನ್ನು ತಡೆಹಿಡಿದು ಸುಳಿವು ಕೊಟ್ಟಿತ್ತು. ಉದ್ಯಮಿಗಳು ತೆರಿಗೆ ರದ್ದತಿಗೆ ಸಹಿ ಸಂಗ್ರಹ ಶುರು ಮಾಡಿದರು. ಹೌದು, ಅದೇ ಅಸ್ತ್ರ, ಈಗ ಎದುರಾಳಿಯ ಕೈಯಲ್ಲಿ. ಒಂದು ತಿಂಗಳೂ ತುಂಬುವ ಮೊದಲೇ, ಜೂನ್ 12ರಂದು, ಅದೇ ಸಭೆ ಅದೇ ಕಾನೂನನ್ನು 7–2ರಲ್ಲಿ ರದ್ದು ಮಾಡಿತು. ರದ್ದತಿ ವಿರೋಧಿಸಿದ ಇಬ್ಬರು ಕ್ಷಮಾ ಮತ್ತು ತೆರೇಸಾ ಮೊಸ್ಕೆಡಾ.

2019ರ ನಗರ ಸಭೆ ಚುನಾವಣೆಗೆ ಅಮೆಜಾನ್ ಸುಮಾರು 15 ಲಕ್ಷ ಡಾಲರ್ ಸುರಿಯಿತು. ಒಂದು ನಗರದ ವಾರ್ಡ್ ಮಟ್ಟದ ಚುನಾವಣೆಗೆ! ಅದು ತಿರುಗುಬಾಣವಾಯಿತು. ವಾಣಿಜ್ಯ ಮಂಡಳಿ ಬೆಂಬಲಿಸಿದ ಏಳು ಜನರಲ್ಲಿ ಐವರು ಸೋತರು. ಕ್ಷಮಾ ಮತ್ತೆ ಮೊದಲ ರಾತ್ರಿ ಹಿಂದಿದ್ದು, ಮತ್ತೆ ತಡವಾದ ಮತಗಳಲ್ಲಿ ಗೆದ್ದರು. 2020ರ ಜುಲೈನಲ್ಲಿ ದೊಡ್ಡ ಕಂಪನಿಗಳ ಮೇಲಿನ ತೆರಿಗೆ ಬೇರೆ ರೂಪದಲ್ಲಿ ಕೊನೆಗೂ ಬಂತು. ಅದಕ್ಕೆ ಬಹುಮತ ಕೂಡಿಸಿದ್ದು ಮೊಸ್ಕೆಡಾ. ಸದ್ದು ಮಾಡಿದವರು ಒಬ್ಬರು, ಎಣಿಕೆ ಹೊಂದಿಸಿದವರು ಇನ್ನೊಬ್ಬರು. ಆ ಸದ್ದಿಲ್ಲದೆ ಎಣಿಕೆ ಆಗುತ್ತಿತ್ತಾ ಅಂತ ಸಿಯಾಟಲ್‌ನವರು ಇಂದಿಗೂ ಜಗಳ ಆಡ್ತಾರೆ. ಆಗುತ್ತಿರಲಿಲ್ಲ ಅನ್ನೋದು ನನ್ನ ಅಂದಾಜು. ಆದರೆ ಸದ್ದೊಂದೇ ಸಾಕು ಅಂತ ಕ್ಷಮಾ ಬೆಂಬಲಿಗರು ಹೇಳುವಾಗ 2018ನ್ನು ಮರೆಯುತ್ತಾರೆ.

ಇನ್ನು ದೊಡ್ಡ ವಿವಾದಕ್ಕೆ ಬರೋಣ. ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ದಿನಗಳು. 2020ರ ಜೂನ್ 9ರ ರಾತ್ರಿ ಕ್ಷಮಾ ನೂರಾರು ಪ್ರತಿಭಟನಾಕಾರರನ್ನು ಸಿಟಿ ಹಾಲ್ ಒಳಗೆ ಬಿಟ್ಟುಕೊಂಡರು. ಕೋವಿಡ್ ಕಾರಣಕ್ಕೆ ಕಟ್ಟಡ ಸಾರ್ವಜನಿಕರಿಗೆ ಮುಚ್ಚಿತ್ತು. ಅದೇ ತಿಂಗಳ ಕೊನೆಗೆ ಮೇಯರ್ ಜೆನ್ನಿ ಡರ್ಕನ್ ಅವರ ಮನೆ ಮುಂದೆ ನಡೆದ ಮೆರವಣಿಗೆಯಲ್ಲಿ ಮಾತಾಡಿದರು. ಡರ್ಕನ್ ಹಿಂದೆ ಫೆಡರಲ್ ಪ್ರಾಸಿಕ್ಯೂಟರ್ ಆಗಿದ್ದವರು, ಅವರ ವಿಳಾಸವನ್ನು ಕಾನೂನಿನಡಿ ಗೋಪ್ಯವಾಗಿಡಲಾಗಿತ್ತು. ಮೆರವಣಿಗೆ ತಾನು ಸಂಘಟಿಸಿದ್ದಲ್ಲ, ಕರೆದಿದ್ದಕ್ಕೆ ಹೋದೆ ಎಂಬುದು ಕ್ಷಮಾ ವಾದ. ಇದರ ಜೊತೆಗೆ, ಅಮೆಜಾನ್ ಮೇಲೆ ತೆರಿಗೆ ಹಾಕುವ ಜನಮತ ಪ್ರಸ್ತಾಪದ ಪ್ರಚಾರಕ್ಕೆ ತಮ್ಮ ಕಚೇರಿಯ ಸರ್ಕಾರಿ ಸಂಪನ್ಮೂಲ ಬಳಸಿದರು ಎಂಬ ದೂರು.

ಮೇಯರ್ ಸ್ವತಃ ಸಭೆಗೆ ಪತ್ರ ಬರೆದು ತನಿಖೆ ನಡೆಸಿ ಎಂದರು. ಸಭೆ ಒಪ್ಪಲಿಲ್ಲ. ಆಗ ಕ್ಷೇತ್ರದ ಕೆಲವರು ರೀಕಾಲ್‌ಗೆ, ಅಂದರೆ ಆಯ್ಕೆಯಾದವರನ್ನು ಅವಧಿಗೆ ಮೊದಲೇ ವಾಪಸ್ ಕರೆಸಿಕೊಳ್ಳುವ ಮತದಾನಕ್ಕೆ ಅರ್ಜಿ ಹಾಕಿದರು.

ಈ ಪ್ರಕ್ರಿಯೆಯ ಮೆಟ್ಟಿಲುಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಇವರು ನಮಗೆ ಇಷ್ಟವಿಲ್ಲ ಅಂತ ರೀಕಾಲ್ ಮಾಡೋಕೆ ಆಗಲ್ಲ. ಆರೋಪಗಳನ್ನು ಬರೆದುಕೊಡಬೇಕು. ಆರೋಪ ನಿಜವೆಂದೇ ಇಟ್ಟುಕೊಂಡರೆ ಅದು ಅಧಿಕಾರ ದುರ್ಬಳಕೆ ಅಥವಾ ಪ್ರಮಾಣವಚನದ ಉಲ್ಲಂಘನೆ ಆಗುತ್ತದಾ ಅಂತ ನ್ಯಾಯಾಲಯ ತೂಗುತ್ತದೆ. ಕೆಳ ನ್ಯಾಯಾಲಯ ನಾಲ್ಕು ಆರೋಪಗಳನ್ನು ಒಪ್ಪಿತು. ರಾಜ್ಯದ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಅದರಲ್ಲೂ ಒಂದನ್ನು, ಅಂದರೆ ಕಚೇರಿ ಸಿಬ್ಬಂದಿಯ ನೇಮಕ, ವಜಾ ನಿರ್ಧಾರಗಳನ್ನು ತಮ್ಮ ಪಕ್ಷಕ್ಕೆ ಬಿಟ್ಟುಕೊಟ್ಟಿದ್ದರು ಎಂಬುದನ್ನು, ತೆಗೆದುಹಾಕಿ ಮೂರನ್ನು ಉಳಿಸಿತು. ಆಮೇಲೆ ಸಾವಿರಾರು ಜನರ ಸಹಿ. ಆಮೇಲೆ ಮತದಾನ.

ಮೂರರಲ್ಲಿ ಒಂದನ್ನು ಕ್ಷಮಾ ಒಪ್ಪಿಕೊಂಡರು. 2021ರ ಮೇನಲ್ಲಿ ನೀತಿ ಆಯೋಗದ ಜೊತೆ ಇತ್ಯರ್ಥ ಮಾಡಿಕೊಂಡು, ಬಳಸಿದ ಸರ್ಕಾರಿ ಹಣದ ಎರಡರಷ್ಟು, ಸುಮಾರು 3,516 ಡಾಲರ್ ದಂಡ ಕಟ್ಟಿದರು. ಮೊತ್ತ ಸಣ್ಣದು. ಆದರೆ ತಪ್ಪು ತಪ್ಪೇ. ಜನರ ತೆರಿಗೆ ಹಣದಲ್ಲಿ ನಡೆಯುವ ಕಚೇರಿ ಬೇರೆ, ನಿಮ್ಮ ಚಳವಳಿ ಬೇರೆ. ಚಳವಳಿ ನ್ಯಾಯವಾದದ್ದು ಅನ್ನೋದು ಇದಕ್ಕೆ ಉತ್ತರ ಆಗೋದಿಲ್ಲ. ನಾಳೆ ಇನ್ನೊಬ್ಬ ಸದಸ್ಯ ಅದೇ ಕಚೇರಿಯ ಪ್ರಿಂಟರ್‌ನಲ್ಲಿ ಬಿಲ್ಡರ್‌ಗಳ ಪರವಾದ ಕರಪತ್ರ ಹೊಡೆಸಿದರೆ ಏನು ಹೇಳ್ತೀರಿ? ಒಳಗಿನ ಕುರ್ಚಿಯನ್ನೂ ಹೊರಗಿನ ಬೀದಿಯನ್ನೂ ಒಂದು ಮಾಡಿದ್ದು ಅವರ ಶಕ್ತಿ. ಎರಡರ ನಡುವಿನ ಗೆರೆ ಕಾಣದೇ ಹೋಗಿದ್ದೂ ಅದರಿಂದಲೇ.

ರೀಕಾಲ್‌ನಲ್ಲಿ ಒಂದು ತಮಾಷೆಯೂ ನಡೆಯಿತು. ಎದುರಾಳಿಗಳು ಸಹಿಗಳನ್ನು ತಡವಾಗಿ ಸಲ್ಲಿಸಿ, ನವೆಂಬರ್‌ನ ಸಾಮಾನ್ಯ ಚುನಾವಣೆಯ ಜೊತೆ ಬಾರದಂತೆ ನೋಡಿಕೊಳ್ಳುತ್ತಿದ್ದಾರೆ, ಚಳಿಗಾಲದಲ್ಲಿ ಬಾಡಿಗೆದಾರರು, ಯುವಜನ ಮತ ಹಾಕುವುದು ಕಡಿಮೆ ಎಂಬ ಲೆಕ್ಕ ಅದು ಎಂದು ಕ್ಷಮಾ ಗುಂಪು ಆರೋಪಿಸಿತು. ಆರೋಪಿಸಿ ಸುಮ್ಮನಾಗಲಿಲ್ಲ. ತಾವೇ ಬೀದಿಯಲ್ಲಿ ಮೇಜು ಹಾಕಿ, ತಮ್ಮನ್ನೇ ಕೆಳಗಿಳಿಸುವ ಅರ್ಜಿಗೆ ಬೆಂಬಲಿಗರಿಂದ ಸಹಿ ಮಾಡಿಸತೊಡಗಿದರು. ಕ್ಷಮಾ ಸ್ವತಃ ಸಹಿ ಹಾಕಿದರು! ಆದರೂ ಮತದಾನ ಬಂದದ್ದು ಡಿಸೆಂಬರ್ 7ಕ್ಕೆ. ಮೊದಲ ರಾತ್ರಿಯ ಎಣಿಕೆಯಲ್ಲಿ ಆಕೆ ಕೆಳಗಿಳಿದಾಯಿತು ಎಂದೇ ಎಲ್ಲರೂ ಅಂದುಕೊಂಡರು. ಕೊನೆಗೆ 41,000ದಷ್ಟು ಮತಗಳಲ್ಲಿ 310ರ ಅಂತರದಿಂದ ಉಳಿದರು.

ಉಳಿದವರು ಏನು ಮಾಡಿದರು? 2023ರ ಜನವರಿಯಲ್ಲಿ, ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿದರು. ಮರು ತಿಂಗಳು ಜಾತಿ ಕಾನೂನು ತಂದರು. ಇನ್ನು ಮತ ಕೇಳುವುದಿಲ್ಲ ಎಂದಾದ ಮೇಲೆ ತಂದದ್ದು ಎಂಬುದನ್ನು ಗಮನಿಸಿ.

ಉದ್ಯೋಗ, ಬಾಡಿಗೆ ಮನೆ, ಸಾರ್ವಜನಿಕ ಸೇವೆಗಳಲ್ಲಿ ಜನಾಂಗ, ಲಿಂಗ, ಧರ್ಮದ ಆಧಾರದ ತಾರತಮ್ಯ ನಿಷೇಧಿಸುವ ನಗರದ ನಿಯಮಕ್ಕೆ ಜಾತಿ ಎಂಬ ಪದ ಸೇರಿಸುವ ಪ್ರಸ್ತಾಪ ಅದು. ಅಂಬೇಡ್ಕರ್‌ವಾದಿ ಸಂಘಟನೆಗಳು ಪರವಾಗಿ ಬಂದವು. ಇದು ಹಿಂದೂಗಳನ್ನು ಮಾತ್ರ ಬೊಟ್ಟು ಮಾಡುತ್ತದೆ ಎಂದು ಹಿಂದೂ ಅಮೆರಿಕನ್ ಫೌಂಡೇಶನ್‌ನಂಥ ಗುಂಪುಗಳು ವಿರೋಧಿಸಿದವು. ಫೆಬ್ರವರಿ 21ರಂದು 6–1ರಲ್ಲಿ ಪಾಸಾಗಿ, ಅಮೆರಿಕದಲ್ಲಿ ಇಂಥ ಕಾನೂನು ಮಾಡಿದ ಮೊದಲ ನಗರ ಸಿಯಾಟಲ್ ಆಯಿತು. ಏಳು ತಿಂಗಳ ನಂತರ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಹಿಂಬಾಲಿಸಿತು. ಇಡೀ ಕ್ಯಾಲಿಫೋರ್ನಿಯಾಗೆ ಅನ್ವಯಿಸುವಂಥ ಮಸೂದೆಯನ್ನು ಮಾತ್ರ ಗವರ್ನರ್ ಗ್ಯಾವಿನ್ ನ್ಯೂಸಮ್ ಅದೇ ವರ್ಷದ ಅಕ್ಟೋಬರ್‌ನಲ್ಲಿ ವೀಟೋ ಮಾಡಿದರು.

ಆ ದಿನ ನನ್ನ ಎಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪ್ ಹೊತ್ತಿ ಉರಿಯಿತು. ನಮ್ಮಲ್ಲಿ ಇಬ್ಬರು ಸಿಯಾಟಲ್ ಕಡೆ ಇದ್ದಾರೆ. ಒಬ್ಬ ಬರೆದ: ‘ಏನ್ ಗುರು ಇದು, ಇಲ್ಲಿ ಯಾರ್ ಜಾತಿ ಕೇಳ್ತಾರೆ? ನಮ್ಮ ಮೇಲೆ ಗೂಬೆ ಕೂರಿಸ್ತಾ ಇದಾರೆ.’ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿ ನಮ್ಮ ಜೊತೆಗಿದ್ದ, ಗ್ರೂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಏನೂ ಬರೆಯದ ಇನ್ನೊಬ್ಬ ಗೆಳೆಯ ಅವತ್ತು ಒಂದೇ ಸಾಲು ಹಾಕಿದ: ‘ಕೌನ್ಸೆಲಿಂಗ್‌ನಲ್ಲಿ ನನ್ನ ರ‍್ಯಾಂಕ್ ಎಷ್ಟು ಅಂತ ಮೊದಲ ವಾರವೇ ಕೇಳಿದ್ದು ನೀನೇ ಅಲ್ವಾ?’ ಅದಕ್ಕೆ ಯಾರೂ ಉತ್ತರಿಸಲಿಲ್ಲ. ನಾನೂ ಉತ್ತರಿಸಲಿಲ್ಲ; ಆ ವಾರ ಆ ರೂಮಿನಲ್ಲಿ ನಾನೂ ಇದ್ದೆ.

ಅಂದಹಾಗೆ ಮೊದಲನೆಯವನ ಕಚೇರಿ ಇರುವುದು ರೆಡ್ಮಂಡ್‌ನಲ್ಲಿ. ಸಿಯಾಟಲ್ ಕಾನೂನು ಸಿಯಾಟಲ್ ಗಡಿ ದಾಟುವುದಿಲ್ಲ. ಅಂದರೆ ಅಮೆಜಾನ್‌ನ ಕೇಂದ್ರ ಕಚೇರಿಗೆ ಅನ್ವಯ, ಸರೋವರದ ಆಚೆ ದಡದ ಮೈಕ್ರೋಸಾಫ್ಟ್‌ಗೆ ಇಲ್ಲ. ಅಷ್ಟು ಕೂಗಾಡಿದವನಿಗೆ ಆ ಕಾನೂನು ಅನ್ವಯಿಸುವುದೇ ಇಲ್ಲ.

ಮತ್ತೆ ವೀಸಾ ವಿಷಯಕ್ಕೆ. ಜಾತಿ ಕಾನೂನಿಗೂ ಮೊದಲು, 2020ರ ಫೆಬ್ರವರಿಯಲ್ಲಿ, ಸಿಎಎ ಮತ್ತು ಎನ್‌ಆರ್‌ಸಿ ವಿರೋಧಿಸುವ ನಿರ್ಣಯವನ್ನು ಕ್ಷಮಾ ಸಿಯಾಟಲ್ ಸಭೆಯಲ್ಲಿ ಮಂಡಿಸಿ ಪಾಸ್ ಮಾಡಿಸಿದ್ದರು. ತನಗೆ ವೀಸಾ ನಿರಾಕರಿಸಿದ್ದು ಇವುಗಳ ಸೇಡಿಗಾಗಿ ಎಂಬುದು ಅವರ ಆರೋಪ. ಸರ್ಕಾರ ಕಾರಣ ಹೇಳದಿರುವುದರಿಂದ ಅದನ್ನು ಸಾಬೀತು ಮಾಡುವುದಕ್ಕೂ ಆಗಲ್ಲ, ಅಲ್ಲಗಳೆಯುವುದಕ್ಕೂ ಆಗಲ್ಲ. ವೀಸಾ ಯಾರ ಹಕ್ಕೂ ಅಲ್ಲ, ಆಕೆ ನಮ್ಮ ಪ್ರಜೆಯಲ್ಲ, ಯಾರನ್ನು ಒಳಗೆ ಬಿಡಬೇಕು ಎಂಬುದು ದೇಶದ ವಿವೇಚನೆ ಎಂದು ವಾದಿಸುವವರಿದ್ದಾರೆ. ಕಾನೂನಿನ ಪ್ರಕಾರ ಅದು ಸರಿ. ಆದರೆ ಪಕ್ಕದಲ್ಲಿಟ್ಟು ನೋಡಿ. ಆಕೆಯನ್ನು ದ್ವೇಷಿಸುತ್ತಿದ್ದ ಸಿಯಾಟಲ್‌ನ ಶ್ರೀಮಂತರು ಕೂಡ ಆರೋಪಗಳನ್ನು ಕಾಗದದ ಮೇಲೆ ಬರೆದುಕೊಡಬೇಕಾಯಿತು. ನ್ಯಾಯಾಲಯ ಓದಿತು, ಒಂದನ್ನು ಹೊಡೆದುಹಾಕಿತು. ಆಕೆಗೆ ಉತ್ತರಿಸಲು ಅವಕಾಶ ಸಿಕ್ಕಿತು. ಒಂದು ತಪ್ಪಿಗೆ ದಂಡ ಕಟ್ಟಿದರು, ಉಳಿದದ್ದನ್ನು ಜನ ಎಣಿಸಿ ತೀರ್ಮಾನಿಸಿದರು. ಇಲ್ಲಿ ಆರೋಪಪಟ್ಟಿಯೇ ಇಲ್ಲ. ಇರುವುದು ತಿರಸ್ಕಾರದ ಪಟ್ಟಿ ಮಾತ್ರ. ಇದಕ್ಕೆ ದಂಡ ಕಟ್ಟುವುದೂ ಸಾಧ್ಯವಿಲ್ಲ, ಮೇಲ್ಮನವಿಗೆ ದಾರಿಯೂ ಕಾಣುವುದಿಲ್ಲ. ಶಿಕ್ಷೆಯ ಅರ್ಧ ಭಾಗ ಅನುಭವಿಸುತ್ತಿರುವುದು ಯಾವ ನಿರ್ಣಯವನ್ನೂ ಮಂಡಿಸದ, ಬೆಂಗಳೂರಿನಲ್ಲಿರುವ ವೃದ್ಧೆ.

ಬೆಂಗಳೂರಿನವರಾದ ನಮಗೆ ಇನ್ನೊಂದು ವಿಚಿತ್ರವಿದೆ. ಕಾರ್ಪೊರೇಟರ್ ಒಬ್ಬರನ್ನು ಕೆಳಗಿಳಿಸಬೇಕೋ ಬೇಡವೋ ಎಂದು ಸಿಯಾಟಲ್ ಮತ ಹಾಕುತ್ತಿದ್ದಾಗ, ಬೆಂಗಳೂರಿನಲ್ಲಿ ಇಳಿಸುವುದಕ್ಕೆ ಕಾರ್ಪೊರೇಟರ್‌ಗಳೇ ಇರಲಿಲ್ಲ. 2015ರಲ್ಲಿ ಆಯ್ಕೆಯಾದ ಬಿಬಿಎಂಪಿ ಸಭೆಯ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದಿತ್ತು, ಆಮೇಲೆ ಅಧಿಕಾರಿಗಳ ಆಡಳಿತ. 2025ರಲ್ಲಿ ಪಾಲಿಕೆಯನ್ನು ಐದು ಭಾಗ ಮಾಡುವಾಗಲೂ ಕೇಳಲು ಒಬ್ಬ ಚುನಾಯಿತ ವಾರ್ಡ್ ಸದಸ್ಯ ಇರಲಿಲ್ಲ. ರಸ್ತೆ ಗುಂಡಿಯ ಫೋಟೋ ಟ್ಯಾಗ್ ಮಾಡೋಕೆ ನಾವು ಐಎಎಸ್ ಅಧಿಕಾರಿಗಳ ಖಾತೆ ಹುಡುಕುತ್ತಿದ್ದೆವು. ಜಗಳಗಂಟಿ ಕಾರ್ಪೊರೇಟರ್ ಬೇಕಾ ಬೇಡವಾ ಎಂಬ ಪ್ರಶ್ನೆಯೇ ನಮಗೆ ಒದಗಿರಲಿಲ್ಲ.

ಕ್ಷಮಾ ಈಗಲೂ ಮೆತ್ತಗಾಗಿಲ್ಲ. 2024ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗಾಜಾ ವಿಷಯದಲ್ಲಿ ಕಮಲಾ ಹ್ಯಾರಿಸ್ ಅವರನ್ನು ಸೋಲಿಸಬೇಕೆಂದೇ ಮಿಷಿಗನ್‌ಗೆ ಹೋಗಿ ಜಿಲ್ ಸ್ಟೈನ್ ಪರ ಪ್ರಚಾರ ಮಾಡಿದರು. ನನಗೆ ಆ ಲೆಕ್ಕ ಇವತ್ತಿಗೂ ಅರ್ಥವಾಗಿಲ್ಲ. ಹ್ಯಾರಿಸ್ ಸೋತರು, ಗಾಜಾಕ್ಕೆ ಅದರಿಂದ ಆದ ಉಪಕಾರ ಏನು ಅಂತ ಆಕೆ ಹೇಳಬೇಕು. 2025ರ ಜೂನ್‌ನಲ್ಲಿ, ಹಲವು ದಶಕಗಳಿಂದ ಕಾಂಗ್ರೆಸ್‌ನಲ್ಲಿರುವ ಆ್ಯಡಂ ಸ್ಮಿತ್ ವಿರುದ್ಧ 2026ಕ್ಕೆ ಪಕ್ಷೇತರರಾಗಿ ಸ್ಪರ್ಧೆ ಘೋಷಿಸಿದರು.

ವೀಸಾ ಸುದ್ದಿಯ ಲಿಂಕನ್ನು ನಾನು ಗ್ರೂಪಿಗೆ ಹಾಕಿದ್ದೆ. ರೆಡ್ಮಂಡ್‌ನ ಗೆಳೆಯ ಗ್ರೂಪಿನಲ್ಲಿ ಏನೂ ಹೇಳಲಿಲ್ಲ. ರಾತ್ರಿ ನನಗೊಬ್ಬನಿಗೇ ಮೆಸೇಜ್ ಮಾಡಿದ. ಅವನ ಅಮ್ಮ ದಾವಣಗೆರೆಯಲ್ಲಿದ್ದಾರೆ, ಪ್ರತಿ ಡಿಸೆಂಬರ್ ಬಂದು ಹೋಗುತ್ತಾನೆ. ‘ಅವಳ ಪಾಲಿಟಿಕ್ಸ್ ನಂಗೆ ಆಗಲ್ಲ ಕಣೋ. ಆದ್ರೂ ಕಾರಣ ಆದ್ರೂ ಹೇಳ್ಬೇಕಲ್ವಾ?’ ಅಂತ ಬರೆದಿದ್ದ. ಇದನ್ನು ಗ್ರೂಪಿನಲ್ಲೇ ಬರಿ ಅಂದೆ. ಸುಮ್ನೆ ಯಾಕೆ ಬಿಡು, ಮುಂದಿನ ತಿಂಗಳು ನಾನೂ ಟಿಕೆಟ್ ಬುಕ್ ಮಾಡಿದೀನಿ ಅಂದ.